ದಿಲ್ಲಿಯಿಂದ ಟೋಕಿಯೊ ಎಷ್ಟು ದೂರ?

ದಿಲ್ಲಿಗೂ ಟೋಕಿಯೊ ನಗರಕ್ಕೂ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಹೊರಡುವ ಹೊತ್ತನ್ನೂ ತಲಪುವ ಹೊತ್ತನ್ನೂ ಹೋಲಿಸಿ ನೋಡುವವರಿಗೆ ಮೊದಲ ನೋಟದಲ್ಲಿಯೇ ಒಂದು ವೈಚಿತ್ರ್ಯವು ಗೋಚರವಾಗುತ್ತದೆ. ರಾತ್ರಿ ಎಂಟು ಗಂಟೆಗೆ ದಿಲ್ಲಿಯನ್ನು ಬಿಟ್ಟ ವಿಮಾನವು ಟೋಕಿಯೊ ತಲಪುವಾಗ ಅಲ್ಲಿಯ ಗಡಿಯಾರದಲ್ಲಿ ಮರುದಿನ ಬೆಳಗಿನ ಏಳು ಗಂಟೆಯ ಆಸುಪಾಸು. ಬೆಳಗ್ಗೆ ಹನ್ನೊಂದಕ್ಕೆ ಟೋಕಿಯೊದಿಂದ ಹೊರಟದ್ದು ದಿಲ್ಲಿಯಲ್ಲಿ ಇಳಿಯುವಾಗ ಇಲ್ಲಿ ಅದೇ ದಿನದ ಸಂಜೆ ಐದು. ಕಾಗದದ ಮೇಲಿನ ಲೆಕ್ಕವನ್ನೇ ನಂಬುವುದಾದರೆ ಹೋಗುವುದಕ್ಕೆ ಹನ್ನೊಂದು ತಾಸು, ಬರುವುದಕ್ಕೆ ಆರೇ ತಾಸು. ಒಳಗೆ ಕುಳಿತು ಪ್ರಯಾಣ ಮಾಡಿದವರ ಬೆನ್ನನ್ನು ಕೇಳಿದರೆ ಮಾತ್ರ ಸಾಕ್ಷ್ಯ ತಿರುಗುಮುರುಗಾಗುತ್ತದೆ. ವಾಸ್ತವವಾಗಿ ಹೋಗುವಾಗ ವಿಮಾನದೊಳಗೆ ಕಳೆಯುವುದು ಏಳೂವರೆ ತಾಸು, ಬರುವಾಗ ಒಂಬತ್ತೂವರೆ. ಚಳಿಗಾಲದ ಕೆಲವು ದಿನಗಳಲ್ಲಿ ಹತ್ತರವರೆಗೂ ಏರುವುದುಂಟು. ಎರಡೂ ದಿಕ್ಕಿನಲ್ಲಿ ವಿಮಾನ ಒಂದೇ ಜಾತಿಯದು, ಯಂತ್ರ ಒಂದೇ, ಊರುಗಳು ಇದ್ದಲ್ಲಿಯೇ ಇವೆ. ಆದರೂ ಗಡಿಯಾರವು ಒಂದು ಬಗೆಯಲ್ಲಿ ನಮ್ಮನ್ನು ವಂಚಿಸುತ್ತದೆ, ಗಾಳಿಯು ಇನ್ನೊಂದು ಬಗೆಯಲ್ಲಿ. ಈ ಎರಡು ವಂಚನೆಗಳೂ ಪರಸ್ಪರ ವಿರುದ್ಧ ದಿಕ್ಕಿನವಾದುದರಿಂದ ಮೇಲುನೋಟಕ್ಕೆ ಯಾವುದೂ ತಿಳಿಯದಂತಾಗುತ್ತದೆ.

ಗಡಿಯಾರದ ವಿಷಯವನ್ನು ಬೇಗನೆ ಮುಗಿಸಬಹುದು. ಭಾರತದ ಗಡಿಯಾರಗಳೆಲ್ಲವೂ ಮಿರ್ಜಾಪುರದ ಸಮೀಪದಲ್ಲಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಜಪಾನಿನವು ಅಕಾಶಿ ನಗರದ ಮೇಲೆ ಹಾಯುವ 135 ಡಿಗ್ರಿ ರೇಖಾಂಶದ ಹೊತ್ತನ್ನು. ನಡುವಣ ಅಂತರ 52.5 ಡಿಗ್ರಿ. ಭೂಮಿಯು ತಾಸಿಗೆ 15 ಡಿಗ್ರಿಯಂತೆ ತಿರುಗುವುದರಿಂದ ಇದು ಮೂರೂವರೆ ತಾಸಿಗೆ ಸಮ. ಹೋಗುವಾಗಿನ ಹನ್ನೊಂದರಿಂದ ಈ ಮೂರೂವರೆಯನ್ನು ಕಳೆದು, ಬರುವಾಗಿನ ಆರಕ್ಕೆ ಅದನ್ನೇ ಕೂಡಿಸಿದರೆ ನಿಜವಾದ ಪ್ರಯಾಣಕಾಲವು ದೊರೆಯುತ್ತದೆ. ಆದರೆ ಈ ಮೂರೂವರೆ ತಾಸೆಂಬುದು ಸರ್ಕಾರಗಳ ಒಪ್ಪಂದವೇ ಹೊರತು ಸೂರ್ಯನ ಒಪ್ಪಂದವಲ್ಲ. ದಿಲ್ಲಿಯು ಮಿರ್ಜಾಪುರದ ರೇಖೆಗಿಂತ ಪಶ್ಚಿಮಕ್ಕಿದೆ, ಟೋಕಿಯೊ ಅಕಾಶಿಯ ರೇಖೆಗಿಂತ ಪೂರ್ವಕ್ಕಿದೆ. ಆ ನಗರಗಳ ನಡುವೆ ಇರುವ ನಿಜವಾದ ರೇಖಾಂಶಾಂತರವು 62.7 ಡಿಗ್ರಿ, ಅಂದರೆ ನಾಲ್ಕು ತಾಸು ಹನ್ನೊಂದು ನಿಮಿಷ. ಉಳಿದ ನಲವತ್ತೊಂದು ನಿಮಿಷವನ್ನು ಎರಡು ದೇಶಗಳ ಗಡಿಯಾರಗಳೂ ಸುಮಾರಾಗಿ ಸಮಪಾಲು ಮಾಡಿಕೊಂಡು ನುಂಗಿಬಿಟ್ಟಿವೆ. ಜೂನ್ ತಿಂಗಳಿನಲ್ಲಿ ಟೋಕಿಯೊಗೆ ಹೋದ ನಮ್ಮವರು, ನಾಲ್ಕೂವರೆಗೆ ಮೊದಲೇ ಕಿಟಕಿಯಲ್ಲಿ ಬಿಸಿಲು ಬೀಳುವುದನ್ನು ಕಂಡು ನಿದ್ದೆಗೆಟ್ಟು ಏಳುವುದಕ್ಕೆ ಇದೂ ಒಂದು ಕಾರಣ. ನಮ್ಮ ಸಿದ್ಧಾಂತ ಜ್ಯೋತಿಷಿಗಳು ಉಜ್ಜಯಿನಿಯ ರೇಖೆಯನ್ನು ಮೂಲವಾಗಿಟ್ಟುಕೊಂಡು ಊರೂರಿಗೂ ದೇಶಾಂತರ ಸಂಸ್ಕಾರವನ್ನು ಮಾಡುತ್ತಿದ್ದರು. ಚಂದ್ರಗ್ರಹಣವು ಯಾವ ಊರಿನಲ್ಲಿ ಯಾವ ಹೊತ್ತಿಗೆ ಕಾಣಿಸಿತೆಂಬುದರಿಂದ ಆ ಅಂತರವನ್ನು ನಿರ್ಣಯಿಸುವ ಕ್ರಮವು ಸೂರ್ಯಸಿದ್ಧಾಂತದಲ್ಲಿಯೇ ಇದೆ. ದಿಲ್ಲಿಗೂ ಟೋಕಿಯೊಗೂ ಆ ಸಂಸ್ಕಾರವನ್ನು ಮಾಡಿದ್ದರೆ ಅವರಿಗೆ ಸಿಗುತ್ತಿದ್ದುದು ಮೂರೂವರೆ ತಾಸಲ್ಲ, ನಾಲ್ಕು ತಾಸು ಹನ್ನೊಂದು ನಿಮಿಷವೇ.

ಇನ್ನು ದೂರದ ಮಾತು. ದಿಲ್ಲಿಯ ವಿಮಾನ ನಿಲ್ದಾಣದಿಂದ ಟೋಕಿಯೊದ ಹನೇದಾ ನಿಲ್ದಾಣಕ್ಕೆ ಭೂಮಿಯ ಮೈಯನ್ನನುಸರಿಸಿ ಅಳೆದ ಅತ್ಯಂತ ಸಮೀಪದ ದಾರಿಯು ಸುಮಾರು 5,860 ಕಿಲೋಮೀಟರು. ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಭೂಪಟದಲ್ಲಿ ಈ ಎರಡು ಊರುಗಳನ್ನು ಒಂದು ಅಳತೆಪಟ್ಟಿಯಿಂದ ಸೇರಿಸಿದರೆ ಬರುವ ಗೆರೆಯು ಪೂರ್ವಕ್ಕೆ, ತುಸುವೇ ಉತ್ತರಕ್ಕೆ ವಾಲಿ, ಉದ್ದಕ್ಕೂ ಒಂದೇ ದಿಕ್ಕನ್ನು ಹಿಡಿದು ಸಾಗುತ್ತದೆ. 1569ರಲ್ಲಿ ಮರ್ಕೇಟರನು ತನ್ನ ಭೂಪಟವನ್ನು ರಚಿಸಿದ್ದೇ ಈ ಸೌಕರ್ಯಕ್ಕಾಗಿ. ದಿಕ್ಸೂಚಿಯೊಂದನ್ನೇ ನಂಬಿದ ನಾವಿಕನು ಒಂದೇ ಕೋನವನ್ನು ಕಾಯ್ದುಕೊಂಡು ಹೋದರೆ ಗುರಿಯನ್ನು ಮುಟ್ಟಬೇಕೆಂಬುದು ಅದರ ಉದ್ದೇಶ. ಆದರೆ ಸುಲಭವಾದ ದಾರಿ ಎಂದರೆ ಹತ್ತಿರದ ದಾರಿ ಎಂದಲ್ಲ. ಆ ನೇರಗೆರೆಯನ್ನು ಹಿಡಿದು ಹೋದವನು 5,955 ಕಿಲೋಮೀಟರಿನಷ್ಟು ಸಾಗಬೇಕಾಗುತ್ತದೆ. ತೊಂಬತ್ತೈದು ಕಿಲೋಮೀಟರು ವ್ಯರ್ಥ.

ಹತ್ತಿರದ ದಾರಿಯನ್ನು ಕಾಣಬೇಕಾದರೆ ಭೂಪಟವನ್ನು ಮಡಿಸಿಟ್ಟು, ಗೋಳವೊಂದನ್ನು ತೆಗೆದುಕೊಂಡು, ಒಂದು ದಾರದ ತುದಿಯನ್ನು ದಿಲ್ಲಿಯ ಮೇಲೂ ಇನ್ನೊಂದು ತುದಿಯನ್ನು ಟೋಕಿಯೊದ ಮೇಲೂ ಒತ್ತಿ ಹಿಡಿದು ಬಿಗಿಯಾಗಿ ಎಳೆಯಬೇಕು. ದಾರವು ತಾನಾಗಿ ಹಿಡಿಯುವ ಗೆರೆಯೇ ಮಹಾವೃತ್ತದ ಗೆರೆ. ಅಂದರೆ ಭೂಮಿಯ ಕೇಂದ್ರದ ಮೂಲಕ ಹಾಯುವ ಸಮತಲವು ಭೂಮಿಯ ಮೇಲ್ಮೈಯನ್ನು ಛೇದಿಸುವ ವೃತ್ತದ ಒಂದು ತುಂಡು. ಈ ದಾರವು ದಿಲ್ಲಿಯಿಂದ ಹೊರಡುವಾಗಲೇ ಪೂರ್ವವನ್ನು ಬಿಟ್ಟು ಈಶಾನ್ಯದತ್ತ ಮುಖಮಾಡುವುದನ್ನು ಕಂಡು ಹೊಸಬರಿಗೆ ಅಚ್ಚರಿಯಾಗುವುದು ಸಹಜವೇ. ಅದು ನೇಪಾಳದ ವಾಯವ್ಯದ ಮೂಲೆಯನ್ನು ಸವರಿ, ಮಾನಸ ಸರೋವರಕ್ಕೆ ದಕ್ಷಿಣದಲ್ಲಿ ಐವತ್ತು ಕಿಲೋಮೀಟರು ದೂರವೂ ಇಲ್ಲದಂತೆ ಹಾದು, ಟಿಬೆಟ್ಟಿನ ಪ್ರಸ್ಥಭೂಮಿಯನ್ನು ಅಡ್ಡಲಾಗಿ ದಾಟುತ್ತದೆ. ಹಳದಿ ನದಿಯ ಉಗಮದ ಬಳಿ ಇರುವ ಜೋಡಿ ಸರೋವರಗಳ ನೆರೆಯಲ್ಲಿ ಸಾಗಿ, ಚೀನದ ಉತ್ತರ ಭಾಗವನ್ನು ಕ್ರಮಿಸಿ, ಶಾಂಡೊಂಗ್ ಪರ್ಯಾಯದ್ವೀಪದ ಮೇಲೆ 37 ಡಿಗ್ರಿ ಅಕ್ಷಾಂಶವನ್ನು ಮುಟ್ಟುತ್ತದೆ. ಅಲ್ಲಿಗೆ ಅದರ ಏರಿಕೆ ಮುಗಿಯಿತು. ಆಮೇಲೆ ಹಳದಿ ಸಮುದ್ರ, ಸೋಲ್ ನಗರದ ದಕ್ಷಿಣಕ್ಕೆ ಕೊರಿಯಾ, ಜಪಾನ್ ಸಮುದ್ರ. ಕೊನೆಯಲ್ಲಿ ಟೋಕಿಯೊವನ್ನು ಅದು ಪ್ರವೇಶಿಸುವುದು ಆಗ್ನೇಯಕ್ಕೆ ಇಳಿಯುತ್ತ. ಟೋಕಿಯೊ ಇರುವುದು 35.5 ಡಿಗ್ರಿಯಲ್ಲಿ. ಅಂದಮೇಲೆ ದಿಲ್ಲಿಗಿಂತ ಉತ್ತರದಲ್ಲಿರುವ ಊರಿಗೆ ಹೋಗಲು ಆ ಊರಿಗಿಂತಲೂ ಉತ್ತರಕ್ಕೆ ಹೋಗಿ ಮತ್ತೆ ಕೆಳಗಿಳಿಯುವುದೇ ಭೂಮಿಯ ಮೇಲಣ ನೇರದಾರಿಯಾಯಿತು. ಈ ಗೆರೆಯ ಮೇಲೆ ಸಾಗುವವನ ದಿಕ್ಸೂಚಿಯು ಕ್ಷಣಕ್ಷಣಕ್ಕೂ ಬಲಕ್ಕೆ ಹೊರಳುತ್ತಿರುತ್ತದೆ. ಹೊರಟಾಗ ಉತ್ತರದಿಂದ 65 ಡಿಗ್ರಿ ಬಲಕ್ಕಿದ್ದ ಮುಖವು ತಲಪುವಾಗ 101 ಡಿಗ್ರಿಗೆ ಬಂದಿರುತ್ತದೆ. ಆದರೂ ಅವನು ಎಡಕ್ಕಾಗಲಿ ಬಲಕ್ಕಾಗಲಿ ಎಲ್ಲಿಯೂ ತಿರುಗಿದವನಲ್ಲ. ತಿರುಗುತ್ತಿರುವುದು ಅವನ ಕಾಲಡಿಯ ಉತ್ತರದಿಕ್ಕು.

ಇಷ್ಟು ಸೊಗಸಾದ ಗೆರೆಯು ಇದ್ದರೂ ದಿಲ್ಲಿಯ ವಿಮಾನಗಳು ಅದನ್ನು ತುಳಿಯುವುದಿಲ್ಲ. ಹಿಮಾಲಯದ ಶಿಖರಗಳಿಗೆ ಹೆದರಿಯಲ್ಲ; 11 ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ 8,849 ಮೀಟರಿನ ಎವರೆಸ್ಟು ತಗಲುವ ಭಯವಿಲ್ಲ. ಭಯವಿರುವುದು ಶಿಖರಗಳ ಆಚೆಗಿನ ಬಯಲಿನದು. ಆ ಎತ್ತರದ ಗಾಳಿಯನ್ನು ಉಸಿರಾಡಿ ಬದುಕುವುದು ಮನುಷ್ಯನಿಗೆ ಅಸಾಧ್ಯವಾದುದರಿಂದ ವಿಮಾನದ ಒಳಗೆ ಒತ್ತಡವನ್ನು ತುಂಬಿ, ನಮ್ಮ ಉದಕಮಂಡಲದಂತಹ ಗಿರಿಧಾಮದ ವಾತಾವರಣವನ್ನು ಕಾಯ್ದುಕೊಂಡಿರುತ್ತಾರೆ. ಯಾವುದಾದರೊಂದು ಕಾರಣದಿಂದ ಆ ಒತ್ತಡವು ಸೋರಿಹೋದರೆ ಪ್ರಯಾಣಿಕರ ತಲೆಯ ಮೇಲಿನಿಂದ ಹಳದಿ ಬಣ್ಣದ ಉಸಿರು ಬಟ್ಟಲುಗಳು ಕೆಳಗೆ ಇಳಿಬೀಳುತ್ತವೆ. ಬಟ್ಟಲನ್ನು ಎಳೆದು ಮೂಗಿಗೆ ಹಿಡಿದುಕೊಂಡೊಡನೆ, ಅನೇಕ ವಿಮಾನಗಳಲ್ಲಿ, ಚಾವಣಿಯೊಳಗಿನ ಚಿಕ್ಕ ಡಬ್ಬಿಯಲ್ಲಿ ಸೋಡಿಯಂ ಕ್ಲೋರೇಟು ಎಂಬ ಲವಣವು ಕಬ್ಬಿಣದ ಪುಡಿಯೊಡನೆ ಉರಿಯತೊಡಗಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಡಬ್ಬಿಯು ಕೈಸುಡುವಷ್ಟು ಕಾಯುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಒಮ್ಮೆ ಹೊತ್ತಿದ ಮೇಲೆ ಅದನ್ನು ಆರಿಸುವಂತಿಲ್ಲ, ಉಳಿಸಿಡುವಂತಿಲ್ಲ. ಹೆಚ್ಚೆಂದರೆ ಹನ್ನೆರಡರಿಂದ ಇಪ್ಪತ್ತು ನಿಮಿಷ. ಅಷ್ಟರೊಳಗೆ ಪೈಲಟ್ಟು ವಿಮಾನವನ್ನು ಸುಮಾರು 3,000 ಮೀಟರಿನ ಎತ್ತರಕ್ಕೆ, ಜನರು ತಮ್ಮಷ್ಟಕ್ಕೆ ಉಸಿರಾಡಬಹುದಾದ ಗಾಳಿಗೆ, ಇಳಿಸಬೇಕು. ಅನ್ಯತ್ರ ಇದು ಸುಲಭವೇ. ಆದರೆ ಟಿಬೆಟ್ಟಿನ ನೆಲದ ಸರಾಸರಿ ಎತ್ತರವೇ 4,500 ಮೀಟರು. ಇಳಿಯಬೇಕಾದ ಎತ್ತರವು ನೆಲದ ಕೆಳಗಿದೆ! ಹೆಚ್ಚಿನ ಆಮ್ಲಜನಕವನ್ನು ಹೊತ್ತು, ತಪ್ಪಿಸಿಕೊಳ್ಳುವ ಹಾದಿಗಳನ್ನು ಮೊದಲೇ ಗುರುತಿಸಿಕೊಂಡು, ಆ ಪ್ರಸ್ಥಭೂಮಿಯ ಅಂಚಿನ ಮೇಲೆ ಹಾರುವ ವಿಮಾನಗಳು ಇಲ್ಲದಿಲ್ಲ. ದಿಲ್ಲಿ ಟೋಕಿಯೊಗಳ ನಡುವಿನ ಸಾಮಾನ್ಯ ಸಂಚಾರವು ಮಾತ್ರ ದಕ್ಷಿಣದ ಸುತ್ತುದಾರಿಯನ್ನೇ ಹಿಡಿಯುತ್ತದೆ: ಗಂಗೆಯ ಬಯಲನ್ನು ಅನುಸರಿಸಿ ಬಂಗಾಳದ ಕಡೆಗೆ, ಬರ್ಮಾದ ಉತ್ತರ ಭಾಗದ ಮೇಲೆ, ಅಲ್ಲಿಂದ ಯುನ್ನಾನ್ ಪ್ರಾಂತದ ಕುನ್‌ಮಿಂಗ್ ನಗರದ ಸಮೀಪ, ತರುವಾಯ ಚೀನವನ್ನು ಓರೆಯಾಗಿ ದಾಟಿ ಸಮುದ್ರಕ್ಕೆ. ಕುನ್‌ಮಿಂಗನ್ನು ನಡುವಿನ ಗಂಟಾಗಿಟ್ಟುಕೊಂಡು ಅಳೆದರೆ ದೂರವು 6,280 ಕಿಲೋಮೀಟರು ಆಗುತ್ತದೆ. ಭೂಪಟದ ಮೋಸದಿಂದ ಉಳಿಸಿದ ತೊಂಬತ್ತೈದು ಕಿಲೋಮೀಟರಿಗೆ ನಾಲ್ಕು ಪಟ್ಟಿಗಿಂತ ಮಿಗಿಲಾದ ದಂಡವನ್ನು ಟಿಬೆಟ್ಟು ವಸೂಲುಮಾಡಿತು.

ಇಲ್ಲಿ ಬೆಂಗಳೂರಿನ ಸುದ್ದಿಯನ್ನೂ ಹೇಳಿಬಿಡುವುದು ಯುಕ್ತ. ನಮ್ಮ ಊರಿನಿಂದ ಟೋಕಿಯೊದ ಇನ್ನೊಂದು ನಿಲ್ದಾಣವಾದ ನರಿತಾಕ್ಕೆ ಮಹಾವೃತ್ತದ ದೂರ 6,700 ಕಿಲೋಮೀಟರು. ದಿಲ್ಲಿಗಿಂತ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಆ ಗೆರೆಯು ಕೃಷ್ಣಾ ನದಿಯ ಮುಖಜಭೂಮಿಗೆ ತುಸು ದಕ್ಷಿಣದಲ್ಲಿ ಬಂಗಾಳ ಕೊಲ್ಲಿಯನ್ನು ಹೊಕ್ಕು, ಬರ್ಮಾದ ಮೂಲಕ ಯುನ್ನಾನನ್ನು ಸೇರುತ್ತದೆ. ಟಿಬೆಟ್ಟನ್ನು ತಟ್ಟುವುದೇ ಇಲ್ಲ. ದಿಲ್ಲಿಯವರು ಸುತ್ತಿ ಬಳಸಿ ಬರುವ ದಾರಿಯೇ ಬೆಂಗಳೂರಿನವರಿಗೆ ನೇರದಾರಿಯಾಗಿರುವುದರಿಂದ, ಕಾಗದದ ಮೇಲೆ ಎಂಟುನೂರಾಗಿದ್ದ ಅಂತರವು ಆಕಾಶದಲ್ಲಿ ಅರ್ಧಕ್ಕೆ ಇಳಿಯುತ್ತದೆ. 1898ರಲ್ಲಿ ಹಡಗು ಹತ್ತಿ ಜಪಾನಿಗೆ ಹೋಗಿಬಂದ ವಿಶ್ವೇಶ್ವರಯ್ಯನವರಿಗೆ ಈ ಲೆಕ್ಕಗಳ ಗೊಡವೆ ಇರಲಿಲ್ಲ. ಅವರಿಗೆ ಸಿಂಹಳವನ್ನೂ ಮಲಯವನ್ನೂ ಬಳಸಿಯೇ ಹೋಗಬೇಕಾದ ಸಮುದ್ರದ ದಾರಿ ಒಂದೇ ಇದ್ದಿತು.

ಕುನ್‌ಮಿಂಗಿನ ದಾರಿಗೆ ಒಂದು ಘೋರವಾದ ಚರಿತ್ರೆಯೂ ಉಂಟು. 1942ರಲ್ಲಿ ಜಪಾನಿನ ಸೇನೆಯು ಬರ್ಮಾದ ಹೆದ್ದಾರಿಯನ್ನು ಕತ್ತರಿಸಿದ ಮೇಲೆ, ಚೀನಕ್ಕೆ ಯುದ್ಧಸಾಮಗ್ರಿಯನ್ನು ಸಾಗಿಸಲು ಅಮೆರಿಕದವರಿಗೆ ಉಳಿದಿದ್ದುದು ಅಸ್ಸಾಮಿನ ಚಾಬುವಾ, ದಿಂಜಾನ್ ಮೊದಲಾದ ಹಾರುನೆಲೆಗಳಿಂದ ಪೂರ್ವ ಹಿಮಾಲಯದ ಬೆಟ್ಟಸಾಲುಗಳನ್ನು ಹಾರಿ ಕುನ್‌ಮಿಂಗ್ ಮುಟ್ಟುವ ಉಪಾಯವೊಂದೇ. ಚಾಲಕರು ಆ ಬೆಟ್ಟಸಾಲಿಗೆ 'ಹಂಪ್' ಎಂದು, ಅಂದರೆ ಡುಬ್ಬ ಎಂದು, ಹೆಸರಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಆರೂವರೆ ಲಕ್ಷ ಟನ್ ಸಾಮಗ್ರಿ ಆ ಡುಬ್ಬವನ್ನು ದಾಟಿತ್ತು. ಐನೂರಕ್ಕೂ ಮಿಕ್ಕ ವಿಮಾನಗಳು ನಾಶವಾಗಿದ್ದವು. ಅವುಗಳ ಚಾಲಕರಲ್ಲಿ ಹಲವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಪಶ್ಚಿಮದಿಂದ ಬೀಸುತ್ತಿದ್ದ, ಯಾವ ಭೂಪಟದಲ್ಲಿಯೂ ಗುರುತಿಲ್ಲದ ಗಾಳಿಯು ಅವರನ್ನು ಲೆಕ್ಕಕ್ಕಿಂತ ಬಹಳ ಮುಂದಕ್ಕೆ ತಳ್ಳಿ, ಮೋಡದ ಮರೆಯಲ್ಲಿದ್ದ ಬೆಟ್ಟಗಳ ನಡುವೆ ದಾರಿತಪ್ಪಿಸಿತು.

ಈ ಗಾಳಿಯ ವಿಚಾರಕ್ಕೆ ಬರುವ ಮುನ್ನ, ಬುದ್ಧಿವಂತರೂ ಆಗಾಗ ಹೇಳುವ ಒಂದು ತಪ್ಪು ಸಮಾಧಾನವನ್ನು ಪರೀಕ್ಷಿಸುವುದು ಅವಶ್ಯ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಷ್ಟೆ. ಹಾಗಾದರೆ ಟೋಕಿಯೊದಿಂದ ಪಶ್ಚಿಮಕ್ಕೆ ಹಾರುವವನಿಗೆ ದಿಲ್ಲಿಯೇ ಎದುರು ಬರಬೇಕಲ್ಲ, ಅವನು ಬೇಗನೆ ತಲಪಬೇಕಲ್ಲ ಎಂಬುದು ಆ ವಾದ. ಫಲವು ಇದಕ್ಕೆ ನೇರವಾಗಿ ವಿರುದ್ಧವಾಗಿದೆ ಎಂಬುದೊಂದೇ ಈ ವಾದವನ್ನು ತಳ್ಳಿಹಾಕಲು ಸಾಕು; ಆದರೂ ದೋಷವೆಲ್ಲಿದೆ ಎಂಬುದನ್ನು ಅರಿಯುವುದು ಒಳ್ಳೆಯದು. ದಿಲ್ಲಿಯ ಅಕ್ಷಾಂಶದಲ್ಲಿ ನೆಲವು ಪೂರ್ವಕ್ಕೆ ಧಾವಿಸುವ ವೇಗವು ತಾಸಿಗೆ 1,465 ಕಿಲೋಮೀಟರಿನಷ್ಟು. ನೆಲದೊಡನೆ ವಾಯುಮಂಡಲವೂ ತಿರುಗದೆ ನಿಂತಿದ್ದರೆ ಚಾಂದನಿ ಚೌಕದಲ್ಲಿ ಅಷ್ಟು ವೇಗದ ಮೂಡಣ ಗಾಳಿಯು ಹಗಲಿರುಳೂ ಬೀಸುತ್ತಿರಬೇಕಾಗಿತ್ತು. ಗಾಳಿಯು ಭೂಮಿಗೆ ಅಂಟಿಕೊಂಡೇ ಸುತ್ತುತ್ತದೆ. ವಿಮಾನವೂ ನೆಲಬಿಡುವ ಮೊದಲೇ ಆ ವೇಗವನ್ನು ಪಡೆದಿರುತ್ತದೆ. ಆದುದರಿಂದ ಭೂಭ್ರಮಣವು ಪ್ರಯಾಣಿಕನಿಗೆ ನೇರವಾಗಿ ಏನನ್ನೂ ಕೊಡುವುದಿಲ್ಲ, ಏನನ್ನೂ ಕಸಿದುಕೊಳ್ಳುವುದಿಲ್ಲ. ಪರೋಕ್ಷವಾಗಿ ಕಸಿದುಕೊಳ್ಳುತ್ತದೆ, ಗಾಳಿಯ ಕೈಯಲ್ಲಿ.

ಆ ಗಾಳಿಯನ್ನು ಮೊದಲಿಗೆ ಕ್ರಮವಾಗಿ ಅಳೆದದ್ದು ಟೋಕಿಯೊದ ಹೊರವಲಯದಲ್ಲಿಯೇ ಎಂಬುದು ನಮ್ಮ ಕಥೆಗೆ ಒದಗಿದ ಸುಯೋಗ. ನಗರದ ಈಶಾನ್ಯಕ್ಕಿರುವ ತತೆನೊ ಎಂಬಲ್ಲಿ 1920ರಲ್ಲಿ ಮೇಲ್ವಾಯುವಿನ ವೀಕ್ಷಣಾಲಯವೊಂದು ಸ್ಥಾಪಿತವಾಯಿತು. ಅದರ ಮುಖ್ಯಸ್ಥರು ವಸಾಬುರೊ ಓಇಶಿ ಎಂಬ ವಿಜ್ಞಾನಿ. ಅವರ ಸಾಧನ ಬಹಳ ಸರಳ. ಜಲಜನಕವನ್ನು ತುಂಬಿದ ಪುಟ್ಟ ಬಲೂನು, ಕೋನಗಳನ್ನು ಅಳೆಯುವ ದೂರದರ್ಶಕವೊಂದು, ಕೈಯಲ್ಲಿ ಗಡಿಯಾರ. ಬಲೂನು ಮೇಲೇರುವ ವೇಗವು ಗೊತ್ತಿರುವುದರಿಂದ ಅದು ಯಾವ ನಿಮಿಷದಲ್ಲಿ ಎಷ್ಟು ಎತ್ತರದಲ್ಲಿದೆಯೆಂದು ಲೆಕ್ಕಹಾಕಬಹುದು. ಕಣ್ಣು ದೂರದರ್ಶಕವನ್ನು ಬಿಡದೆ ಆ ಬಿಳಿಯ ಚುಕ್ಕೆಯನ್ನು ಹಿಂಬಾಲಿಸುತ್ತ ಅದರ ಉನ್ನತಿಯನ್ನೂ ದಿಕ್ಕನ್ನೂ ಬರೆದುಕೊಂಡರೆ, ಪ್ರತಿಯೊಂದು ಎತ್ತರದಲ್ಲಿಯೂ ಗಾಳಿಯು ಅದನ್ನು ಎತ್ತ ಎಷ್ಟು ತಳ್ಳಿತೆಂಬುದು ಸಿದ್ಧವಾಗುತ್ತದೆ. 1923ರಿಂದ 1925ರವರೆಗೆ ಇಂತಹ ಸಾವಿರಕ್ಕೂ ಮಿಕ್ಕ ಬಲೂನುಗಳನ್ನು ಅವರು ಹಾರಿಬಿಟ್ಟರು. 1924ರ ಡಿಸೆಂಬರಿನ ಆರಂಭದ ಒಂದು ದಿನ, ಒಂಬತ್ತು ಕಿಲೋಮೀಟರು ಎತ್ತರದಲ್ಲಿ, ಸೆಕೆಂಡಿಗೆ 70 ಮೀಟರಿಗೂ ಮೀರಿದ ಪಡುವಣ ಗಾಳಿಯು ಅವರ ಲೆಕ್ಕದಲ್ಲಿ ಕಂಡಿತು. ತಾಸಿಗೆ 250 ಕಿಲೋಮೀಟರಿಗಿಂತ ಹೆಚ್ಚು. ನೆಲದ ಮೇಲೆ ಬೀಸಿದರೆ ಮಹಾ ಚಂಡಮಾರುತವೆನಿಸುವ ವೇಗವದು; ಚಳಿಗಾಲದ ಟೋಕಿಯೊದ ಮೇಲೆ, ನೆತ್ತಿಯ ಎತ್ತರದ ನೀಲಿಯಲ್ಲಿ, ಅದು ದಿನನಿತ್ಯದ ಸಂಗತಿ.

ಇಂತಹ ಶೋಧವು ಲೋಕವನ್ನು ಮುಟ್ಟಲಿ ಎಂಬ ಆಸೆಯಿಂದ ಓಇಶಿಯವರು 1926ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಎಲ್ಲ ಜನಾಂಗಗಳಿಗೂ ಸಮಾನವಾಗಿ ಸಲ್ಲಲೆಂದು ರಚಿತವಾದ ಆ ಕೃತಕ ಭಾಷೆಯಲ್ಲಿ ಅವರಿಗೆ ಬಹಳ ಶ್ರದ್ಧೆ. ಫಲವು ನಾವು ಊಹಿಸಬಹುದಾದದ್ದೇ: ಎಲ್ಲರಿಗಾಗಿ ಬರೆದುದನ್ನು ಓದಿದವರು ಬಹಳ ಕಡಮೆ. 1944ರ ನವೆಂಬರ್ 24ರಂದು ಅಮೆರಿಕದ ಬಿ-29 ವಿಮಾನಗಳು ಸೈಪಾನ್ ದ್ವೀಪದಿಂದ ಬಂದು ಟೋಕಿಯೊದ ಮುಸಾಶಿನೊ ಬಡಾವಣೆಯ ವಿಮಾನಯಂತ್ರದ ಕಾರ್ಖಾನೆಯ ಮೇಲೆ ಒಂಬತ್ತು ಕಿಲೋಮೀಟರು ಎತ್ತರದಿಂದ ಬಾಂಬು ಹಾಕಲು ಯತ್ನಿಸಿದಾಗ, ತಾಸಿಗೆ ಇನ್ನೂರು ಕಿಲೋಮೀಟರಿನ ಬೆನ್ನುಗಾಳಿಗೆ ಸಿಕ್ಕಿ ಗುರಿಯ ಮೇಲಿಂದ ಜಾರಿಹೋದವು. ಗುರಿ ಮುಟ್ಟಿದ ಬಾಂಬುಗಳು ಬೆರಳೆಣಿಕೆಯಷ್ಟು. ಓಇಶಿಯವರ ಕೋಷ್ಟಕದಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಇದ್ದುದನ್ನು ಅಮೆರಿಕದ ಚಾಲಕರು ಹೀಗೆ ಪೆಟ್ಟು ತಿಂದು ಕಲಿತರು. ಜಪಾನಿನ ಸೇನೆಗೆ ಮಾತ್ರ ಅದು ತಿಳಿದಿತ್ತು. ಅದೇ ತಿಂಗಳಿನಿಂದ ಮುಂದಿನ ಏಪ್ರಿಲಿನವರೆಗೆ, ಹತ್ತು ಮೀಟರು ವ್ಯಾಸದ, ಕೈಕಾಗದದ ಹಾಳೆಗಳನ್ನು ಗೆಡ್ಡೆಯ ಅಂಟಿನಿಂದ ಬೆಸೆದು ಮಾಡಿದ ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನುಗಳಿಗೆ ಬಾಂಬುಗಳನ್ನು ಕಟ್ಟಿ, ಇದೇ ಗಾಳಿಗೆ ಒಪ್ಪಿಸಿ, ಶಾಂತಸಾಗರದಾಚೆಯ ಅಮೆರಿಕಕ್ಕೆ ಕಳುಹಿಸಿಕೊಟ್ಟರು. ಕೆಲವೇ ನೂರು ಅಲ್ಲಿ ಪತ್ತೆಯಾದುವು. 1945ರ ಮೇ 5ರಂದು ಆರೆಗನ್ ರಾಜ್ಯದ ಕಾಡಿನಲ್ಲಿ ವನಭೋಜನಕ್ಕೆ ಹೋಗಿದ್ದ ಒಬ್ಬ ಗರ್ಭಿಣಿಯೂ ಐವರು ಮಕ್ಕಳೂ ಅವುಗಳಲ್ಲೊಂದು ಸಿಡಿದು ಮಡಿದರು. ವಿಜ್ಞಾನವು ಯಾರ ಕೈಗೆ ಯಾವ ರೂಪದಲ್ಲಿ ಸೇರುವುದೋ ಹೇಳಬರುವುದಿಲ್ಲ.

ಈ ಗಾಳಿಯನ್ನು ಈಗ ಜೆಟ್ ಪ್ರವಾಹವೆಂದು ಕರೆಯುತ್ತಾರೆ. ಇದು ಏಕೆ ಬೀಸುತ್ತದೆ? ಉಷ್ಣವಲಯದ ಗಾಳಿಯು ಕಾದು ಹಿಗ್ಗಿರುವುದರಿಂದ ಅಲ್ಲಿಯ ವಾಯುಸ್ತಂಭವು ಎತ್ತರವಾಗಿರುತ್ತದೆ. ಧ್ರುವದ ಕಡೆಯ ಗಾಳಿಯು ತಣ್ಣಗೆ ಕುಗ್ಗಿ ಕುಳ್ಳಾಗಿರುತ್ತದೆ. ಹೀಗಾಗಿ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ನಿಂತು ನೋಡಿದರೆ, ದಕ್ಷಿಣದಲ್ಲಿ ನಮ್ಮ ತಲೆಯ ಮೇಲೆ ಇನ್ನೂ ಹೆಚ್ಚು ಗಾಳಿಯ ಭಾರವಿರುತ್ತದೆ, ಉತ್ತರದಲ್ಲಿ ಅದಕ್ಕಿಂತ ಕಡಮೆ. ಹೆಚ್ಚಿನ ಒತ್ತಡದಿಂದ ಕಡಮೆಯ ಒತ್ತಡಕ್ಕೆ, ಅಂದರೆ ಉತ್ತರಕ್ಕೆ, ಗಾಳಿಯು ನುಗ್ಗಹೊರಡುತ್ತದೆ. ಆದರೆ ತಿರುಗುವ ಭೂಮಿಯ ಮೇಲೆ ಯಾವ ಚಲನೆಯೂ ಹೊರಟ ದಿಕ್ಕನ್ನೇ ಹಿಡಿದು ಸಾಗಲಾರದು. ನಮ್ಮ ಗೋಳಾರ್ಧದಲ್ಲಿ ಅದು ಬಲಕ್ಕೆ ಬಾಗುತ್ತದೆ. ಉತ್ತರಕ್ಕೆ ಹೊರಟ ಗಾಳಿಯು ಬಾಗಿ ಬಾಗಿ ಕೊನೆಗೆ ಪೂರ್ವಕ್ಕೆ ತಿರುಗಿಕೊಂಡು, ಒತ್ತಡದ ಸೆಳೆತವೂ ಭ್ರಮಣದ ಬಾಗೂ ಸಮತೂಕವಾದಲ್ಲಿ, ಅದೇ ದಿಕ್ಕಿನಲ್ಲಿ ಓಡತೊಡಗುತ್ತದೆ. ಉತ್ತರ ದಕ್ಷಿಣಗಳ ಉಷ್ಣತೆಯ ವ್ಯತ್ಯಾಸವು ಎಲ್ಲಿ ತೀಕ್ಷ್ಣವಾಗಿರುವುದೋ ಅಲ್ಲಿ ಓಟವೂ ತೀವ್ರ. ಈ ದೃಷ್ಟಿಯಿಂದ ಜಪಾನಿನ ಆಕಾಶಕ್ಕೆ ಸಮನಾದುದು ಲೋಕದಲ್ಲಿ ಮತ್ತೊಂದಿಲ್ಲ. ಅದರ ಒಂದು ಮಗ್ಗುಲಲ್ಲಿ ಚಳಿಗಾಲದ ಸೈಬೀರಿಯ, ಇನ್ನೊಂದು ಮಗ್ಗುಲಲ್ಲಿ ಕುರೊಶಿಯೊ ಎಂಬ ಬೆಚ್ಚನೆಯ ಸಾಗರಪ್ರವಾಹ. ಅಲ್ಲದೆ ಟಿಬೆಟ್ಟಿನ ಪ್ರಸ್ಥಭೂಮಿಯು ಅಡ್ಡನಿಂತು ಉತ್ತರಕ್ಕೊಂದು ದಕ್ಷಿಣಕ್ಕೊಂದಾಗಿ ಸೀಳಿದ ಎರಡು ಪಡುವಣ ಪ್ರವಾಹಗಳು ಮತ್ತೆ ಒಂದುಗೂಡುವುದೂ ಆ ದಿಕ್ಕಿನಲ್ಲಿಯೇ. ಆ ದಕ್ಷಿಣದ ಕವಲು ಸಾಗುವುದಾದರೂ ಹಿಮಾಲಯದ ತಪ್ಪಲನ್ನು ಅನುಸರಿಸಿ, ನಮ್ಮ ಗಂಗೆಯ ಬಯಲಿನ ಮೇಲೆ! ಆದುದರಿಂದ ಚಳಿಗಾಲದಲ್ಲಿ ದಿಲ್ಲಿಯಿಂದ ಹೊರಟ ವಿಮಾನವು ಏರಿದ ಸ್ವಲ್ಪ ಹೊತ್ತಿಗೇ ಈ ಪ್ರವಾಹವನ್ನು ಸೇರಿ, ಹೆಚ್ಚುಕಡಮೆ ಟೋಕಿಯೊದವರೆಗೂ ಅದರ ಜೊತೆಯಲ್ಲಿಯೇ ಸಾಗುತ್ತದೆ. ಟಿಬೆಟ್ಟು ನಮ್ಮ ದಾರಿಯನ್ನು ಉದ್ದಮಾಡಿತೆಂದು ದೂರಿದೆವಷ್ಟೆ. ಆ ಸುತ್ತುದಾರಿಯು ಹೋಗುವವನಿಗೆ ಗಾಳಿಯ ಲಾಭವನ್ನೂ ತಂದುಕೊಡುತ್ತದೆಂಬುದನ್ನು ಅದರ ಪರವಾಗಿ ಹೇಳಲೇಬೇಕು.

ಬರುವವನ ಪಾಡು ಬೇರೆ. ಇಂದಿನ ದೊಡ್ಡ ವಿಮಾನವು ತನ್ನ ಸುತ್ತಣ ಗಾಳಿಯಲ್ಲಿ ತಾಸಿಗೆ ಸುಮಾರು 900 ಕಿಲೋಮೀಟರಿನಂತೆ ಸಾಗುತ್ತದೆ. ಇದಕ್ಕಿಂತ ಹೆಚ್ಚು ವೇಗವನ್ನು ಅದರಿಂದ ಬಯಸುವಂತಿಲ್ಲ, ಏಕೆಂದರೆ ಆ ಎತ್ತರದ ಕೊರೆಯುವ ಚಳಿಯಲ್ಲಿ ಶಬ್ದದ ವೇಗವೇ 1,060 ಕಿಲೋಮೀಟರಿಗೆ ಇಳಿದಿರುತ್ತದೆ, ಅದರ ಹತ್ತಿರ ಹೋದಷ್ಟೂ ಗಾಳಿಯ ತಡೆಯು ಏರುತ್ತದೆ. ದಾರಿಯು 6,300 ಕಿಲೋಮೀಟರು ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಗಾಳಿಯೇ ಇಲ್ಲದಿದ್ದರೆ ಹೋಗಲು ಏಳು ತಾಸು, ಬರಲು ಏಳು ತಾಸು. ಈಗ ದಾರಿಯುದ್ದಕ್ಕೂ ತಾಸಿಗೆ 150 ಕಿಲೋಮೀಟರಿನ ಪಡುವಣ ಗಾಳಿಯಿದೆಯೆನ್ನೋಣ. ಹೋಗುವಾಗ ನೆಲದ ಮೇಲಣ ವೇಗವು 1,050 ಆಗಿ ಆರು ತಾಸಿಗೆ ಪ್ರಯಾಣ ಮುಗಿಯುತ್ತದೆ. ಬರುವಾಗ ವೇಗವು 750ಕ್ಕೆ ಇಳಿದು ಎಂಟು ತಾಸು ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತದೆ. ಹೋಗುವಾಗ ಉಳಿದದ್ದು ಒಂದು ತಾಸು; ಬರುವಾಗ ಕಳೆದುಕೊಂಡದ್ದು ಒಂದು ತಾಸು ಇಪ್ಪತ್ತನಾಲ್ಕು ನಿಮಿಷ. ಗಾಳಿಯು ಕೊಟ್ಟಷ್ಟನ್ನೇ ಹಿಂದಕ್ಕೆ ಪಡೆಯುತ್ತದೆಂದು ತಿಳಿದಿದ್ದವರಿಗೆ ಈ ಬಡ್ಡಿಯು ಅನ್ಯಾಯವಾಗಿ ಕಾಣಬಹುದು. ಕಾರಣ ಸುಲಭ: ಅನುಕೂಲ ಗಾಳಿಯಲ್ಲಿ ವಿಮಾನವು ಬೇಗ ಪಾರಾಗುವುದರಿಂದ ಉಪಕಾರವನ್ನು ಅನುಭವಿಸುವ ಕಾಲವು ಕಡಮೆ, ಪ್ರತಿಕೂಲ ಗಾಳಿಯಲ್ಲಿ ತಡವಾಗುವುದರಿಂದ ಅಪಕಾರವನ್ನು ಸಹಿಸುವ ಕಾಲವು ಹೆಚ್ಚು. ಪ್ರಾಥಮಿಕ ಶಾಲೆಯ ಅಂಕಗಣಿತದಲ್ಲಿ ಹೊಳೆಯ ಮೇಲಕ್ಕೂ ಕೆಳಕ್ಕೂ ದೋಣಿ ನಡೆಸಿದ ನಮಗೆಲ್ಲ ಈ ಲೆಕ್ಕ ಹಳೆಯದೇ. ಇದಕ್ಕೆ ನಿಲ್ದಾಣದ ಬಳಿಯ ಏರುವಿಕೆ, ಇಳಿಯುವಿಕೆ, ನೆಲದ ಮೇಲೆ ಓಡಾಡುವ ಹೊತ್ತುಗಳನ್ನು ಕೂಡಿಸಿದರೆ ವೇಳಾಪಟ್ಟಿಯ ಏಳೂವರೆಗೂ ಒಂಬತ್ತೂವರೆಗೂ ಬಹಳ ದೂರವೇನೂ ಉಳಿಯುವುದಿಲ್ಲ.

ಹೀಗಿರಲಾಗಿ ಟೋಕಿಯೊದಿಂದ ಹಿಂದಿರುಗುವ ವಿಮಾನದ ದಾರಿಯನ್ನು ನಿಶ್ಚಯಿಸುವವರು ಭೂಪಟಕ್ಕಿಂತ ಮೊದಲು ನೋಡುವುದು ಆ ದಿನದ ಮೇಲ್ವಾಯುವಿನ ಮುನ್ಸೂಚನೆಯನ್ನು. ಜೆಟ್ ಪ್ರವಾಹವು ಅಗಲವಾಗಿ ಹರಡಿದ ಗಾಳಿಯಲ್ಲ. ಉದ್ದ ಸಾವಿರಾರು ಕಿಲೋಮೀಟರು, ಅಗಲ ಕೆಲವು ನೂರು, ದಪ್ಪ ಕೆಲವೇ ಕಿಲೋಮೀಟರು ಇರುವ ಪಟ್ಟಿಯದು. ಅದರ ನಡುವಿನಿಂದ ಒಂದಿಷ್ಟು ದಕ್ಷಿಣಕ್ಕೋ ಉತ್ತರಕ್ಕೋ ಸರಿದರೆ, ಇಲ್ಲವೇ ಕೆಲವು ನೂರು ಮೀಟರು ಕೆಳಗೆ ಹಾರಿದರೆ, ಎದುರುಗಾಳಿಯು ಗಣನೀಯವಾಗಿ ತಗ್ಗುತ್ತದೆ. ನೂರು ಕಿಲೋಮೀಟರು ಹೆಚ್ಚಾಗಿ ಸುತ್ತಿ ಅರ್ಧ ತಾಸು ಮೊದಲೇ ತಲಪುವ ಸಂದರ್ಭಗಳು ಅಪರೂಪವಲ್ಲ. ಎಣ್ಣೆಯ ಖರ್ಚನ್ನು ಲೆಕ್ಕಹಾಕುವವನಿಗೆ ನೆಲದ ಮೇಲಣ ಕಿಲೋಮೀಟರು ಗೌಣ. ವಿಮಾನವು ಎಷ್ಟು ಗಾಳಿಯನ್ನು ಸೀಳಿಕೊಂಡು ಹೋಯಿತೆಂಬುದೇ ಮುಖ್ಯ. ಆ ಅಳತೆಯಲ್ಲಿ ಟೋಕಿಯೊದಿಂದ ದಿಲ್ಲಿಯು, ದಿಲ್ಲಿಯಿಂದ ಟೋಕಿಯೊ ಇರುವುದಕ್ಕಿಂತ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ಈ ಅಂತರವು ವರ್ಷವಿಡೀ ಒಂದೇ ತೆರನಾಗಿಲ್ಲ. ಬೇಸಗೆಯು ಬಲಿತು ಟಿಬೆಟ್ಟಿನ ಪ್ರಸ್ಥಭೂಮಿಯು ಕಾಯತೊಡಗಿದಂತೆ, ಹಿಮಾಲಯದ ದಕ್ಷಿಣಕ್ಕಿದ್ದ ಪಡುವಣ ಪ್ರವಾಹವು ದುರ್ಬಲವಾಗಿ, ಮೇ ತಿಂಗಳ ಕೊನೆ ಜೂನ್ ತಿಂಗಳ ಮೊದಲ ಹೊತ್ತಿಗೆ ಪರ್ವತಗಳ ಉತ್ತರಕ್ಕೆ ಸರಿದುಹೋಗುತ್ತದೆ. ಸರಿಸುಮಾರು ಅದೇ ಕಾಲದಲ್ಲಿ ಕೇರಳದ ಕರಾವಳಿಗೂ ನಮ್ಮ ಮಂಗಳೂರಿಗೂ ಮುಂಗಾರು ಬಂದಿಳಿಯುವುದು ಕಾಕತಾಳೀಯವಲ್ಲ. ಈ ಎರಡಕ್ಕೂ ಇರುವ ನಂಟನ್ನು ಹವಾಮಾನಜ್ಞರು ಕಳೆದ ಶತಮಾನದ ನಡುಗಾಲದಿಂದಲೂ ಶೋಧಿಸುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಟೋಕಿಯೊದಿಂದ ದಿಲ್ಲಿಗೆ ಬರುವವರಿಗೆ ಎದುರುಗಾಳಿಯ ಬಾಧೆಯು ಬಹುಮಟ್ಟಿಗೆ ಇಳಿದಿರುತ್ತದೆ. ಇನ್ನೂ ದಕ್ಷಿಣಕ್ಕೆ ಬಂದರೆ ಗಾಳಿಯ ದಿಕ್ಕೇ ತಿರುಗಿಬಿಡುತ್ತದೆ. ಟಿಬೆಟ್ಟಿನ ಮೇಲಿನ ವಾಯುಸ್ತಂಭವು ಸಮುದ್ರದ ಮೇಲಿನದಕ್ಕಿಂತ ಬಿಸಿಯಾಗಿ, ಉಷ್ಣತೆಯ ಇಳಿಜಾರು ಉತ್ತರದಿಂದ ದಕ್ಷಿಣಕ್ಕೆ ಆಗುವ ಈ ತಿಂಗಳುಗಳಲ್ಲಿ, ದಕ್ಷಿಣ ಭಾರತದ ನೆತ್ತಿಯಲ್ಲಿ ಹದಿನಾಲ್ಕು ಹದಿನಾರು ಕಿಲೋಮೀಟರು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಪ್ರವಾಹವು ಹುಟ್ಟಿಕೊಳ್ಳುತ್ತದೆ. 1958ರಲ್ಲಿ ಇದನ್ನು ಪ್ರಬಂಧವೊಂದರಲ್ಲಿ ವಿವರಿಸಿ ಲೋಕದ ಗಮನಕ್ಕೆ ತಂದವರು ನಮ್ಮವರೇ ಆದ ಪಿ. ಕೋಟೇಶ್ವರಂ, ಮುಂದೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದವರು. ಬೆಂಗಳೂರಿಗೆ ಬರುವ ವಿಮಾನವು ಕೊನೆಯ ಸಾವಿರ ಕಿಲೋಮೀಟರಿನಲ್ಲಿ ಈ ಪ್ರವಾಹದ ಅಡಿಯಲ್ಲಿಯೇ ಹಾದುಬರುತ್ತದೆ. ಪ್ರವಾಹದ ಹೃದಯಭಾಗವು ವಿಮಾನಗಳು ಹಾರುವ ಮಟ್ಟಕ್ಕಿಂತ ಮೂರು ನಾಲ್ಕು ಕಿಲೋಮೀಟರು ಮೇಲಿರುವುದರಿಂದ ಅದರ ಪೂರ್ಣ ಬಲವು ದೊರೆಯದಿದ್ದರೂ, ಕೆಳಗಿನ ಅಂಚಿನ ಮೂಡಣ ಗಾಳಿಯು ಪಶ್ಚಿಮಕ್ಕೆ ಮುಖಮಾಡಿದ ವಿಮಾನವನ್ನು ಹಿಂದಿನಿಂದಲೇ ನೂಕುತ್ತದೆ. ಜುಲೈ ಆಗಸ್ಟಿನಲ್ಲಿ ಬಂಗಾಳ ಕೊಲ್ಲಿಯ ಮೇಲೆ ಈ ಗಾಳಿಯನ್ನು ಪಡೆದ ಪೈಲಟ್ಟುಗಳು ಜನವರಿಯ ಲೆಕ್ಕವನ್ನು ಹಿಡಿದು ಎಣ್ಣೆ ತುಂಬಿಸಿಕೊಳ್ಳುವುದಿಲ್ಲ.